ಸ್ಮೇಜ್ ಸುಬ್ಬರಾಯರು

ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಪಕ್ಕದಲ್ಲೇ ಮನೆ ಮಾಡಿರುವ ವಿಮಾ ಅಧಿಕಾರಿ ಸುಬ್ಬರಾಯರ ಎದುರು ಯಾರಾದರೂ ಬೆಳಗಿನ ಮಬ್ಬನ್ನು ‘ಸ್ಮಾಗ್’ ಎಂದರೆ ಮುಗಿಯಿತು, ಹಾಗೆಂದವರ ಕೈಯಲ್ಲಿನ ಚಹಾ ಆರುವವರೆಗೂ ಬಿಡುವುದಿಲ್ಲ. “ಸ್ಮಾಗ್ ಅಲ್ಲ ಸಾರ್, ಸ್ಮೇಜ್. ಸ್ಮೋಕಿನ ತಲೆಗೆ ಹೇಜಿನ ಬಾಲ. ಅಂದ್ರೆ ಹೊಗೆಗೆ ಒಣ ಮಸುಕು ಸೇರಿದ್ದು. ಸ್ಮಾಗ್ ಅನ್ನೋಕೆ ತೇವ ಬೇಕು,” ಎಂದು ತಂತಿಯ ಮೇಲೆ ರಾತ್ರಿಯಿಡೀ ಒಣಗಿದ ತಮ್ಮ ಬನಿಯನ್ನನ್ನೇ ಸಾಕ್ಷಿಗೆ ತಂದು ಮುಟ್ಟಿಸುತ್ತಾರೆ. ಹಾಲಿನವನಿಗೆ ಹಿಂದಿಯಲ್ಲಿ, ಲಿಫ್ಟಿನಲ್ಲಿ ಸಿಕ್ಕ ಪಟೇಲರಿಗೆ ಹರಕುಮುರುಕು ಗುಜರಾತಿಯಲ್ಲಿ ಅದೇ ಪಾಠ. ಹೊಗೆ ಎಷ್ಟು ಪಾಲು, ಮಸುಕು ಎಷ್ಟು ಪಾಲು ಎಂಬುದನ್ನು ಮೂಗಿನಿಂದಲೇ ಹೇಳಬಲ್ಲರು. ಆದರೆ ಉಬ್ಬಸದ ಹೆಂಡತಿ ಜಲಜಾ ಮಲಗಿದಲ್ಲಿಂದಲೇ, “ಹೊರಗೇನ್ರೀ ಅದು?” ಎಂದು ಕೇಳಿದಾಗ ಮಾತ್ರ, ಕಿಟಕಿಯ ಸಂದಿಗೆ ಒದ್ದೆ ಟವೆಲ್ ತುರುಕುತ್ತಾ, “ಬರೀ ಮಂಜು ಕಣೇ,” ಎನ್ನುತ್ತಾರೆ.