ಬೋಣಿಗೆ ಬಂದ ಚೀಟಿ

ಬೆಳಗಿನ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತಾರೆ. ಕೊಡಿಗೇನಹಳ್ಳಿಯ ದಿನಸಿ ಅಂಗಡಿ ಸಾಹುಕಾರನಷ್ಟು ಬೋಣಿಗೆ ಹೆದರುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಬಾಗಿಲು ತೆಗೆದು, ದೀಪ ಹಚ್ಚಿ, ತಕ್ಕಡಿಗೆ ಊದುಬತ್ತಿ ಬೆಳಗಿ ಕೂರುತ್ತಿದ್ದ. ಮೊದಲು ಬಂದವರ ಕಾಸನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ ಮೇಲೆಯೇ ಮಿಕ್ಕ ಮಾತು. ಬೋಣಿಗೆ ಸಾಲವಿಲ್ಲ. ಬೋಣಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಹಾಗೂ ಇಲ್ಲ. ನನ್ನಂಥ ಗಂಡ ಸತ್ತವಳಂತೂ ಆ ಹೊತ್ತಿಗೆ ಎದುರಿಗೆ ಬರಲೇಬಾರದು.

ಇದೆಲ್ಲ ನನಗೆ ಗೊತ್ತಾದದ್ದು ನಿಂತು ನಿಂತು. ಅಂಗಡಿಯ ಪಕ್ಕದ ಬೇವಿನ ಮರದ ಕೆಳಗೆ ನನ್ನನ್ನು ನಿಲ್ಲಿಸುತ್ತಿದ್ದ. ನಾನು ಬಾಯಿಬಿಡುವವಳಲ್ಲ. ಆದರೆ ಕಣ್ಣು ಇತ್ತು.

ನಿಮ್ಮ ತಾತ ಅವನಿಗೆ ಹಿಂದೂಪುರದಿಂದ ಮೂಟೆ ತರುವ ಗಾಡಿ ಹೊಡೆಯುತ್ತಿದ್ದರು. ಯುದ್ಧದ ಕಾಲ, ಚಿಲ್ಲರೆ ಕಾಸು ಎಲ್ಲಿ ಹೋಯಿತೋ, ಯಾರ ಕೈಯಲ್ಲೂ ಇರಲಿಲ್ಲ. ಸಾಹುಕಾರ ರಟ್ಟಿನ ತುಂಡುಗಳ ಮೇಲೆ ತನ್ನ ಅಂಗಡಿಯ ಮುದ್ರೆ ಒತ್ತಿ, ಇದು ಅರ್ಧಾಣೆ ಚೀಟಿ, ಇದು ಒಂದಾಣೆ ಚೀಟಿ ಎಂದು ಚಿಲ್ಲರೆಯ ಬದಲು ಕೊಡತೊಡಗಿದ. ತಂದು ಕೊಟ್ಟರೆ ಅಷ್ಟಕ್ಕೆ ಸಾಮಾನು. ಊರಿಗೆ ಉಪಕಾರ ಮಾಡಿದ ಹಾಗೇ ಕಾಣುತ್ತಿತ್ತು. ಕಾಸಾದರೆ ಯಾವ ಅಂಗಡಿಗೂ ಹೋಗುತ್ತದೆ, ಚೀಟಿ ಅವನ ಅಂಗಡಿಗೇ ವಾಪಸ್ಸು ಬರಬೇಕು. ಮಳೆಯಲ್ಲಿ ನೆನೆದದ್ದು, ಇಲಿ ಕಡಿದದ್ದು ಅವನಿಗೇ ಲಾಭ. ಗಾಡಿ ಬಾಡಿಗೆಯ ಚಿಲ್ಲರೆಯೆಲ್ಲ ನಮ್ಮ ಮನೆಗೆ ಚೀಟಿಯಾಗಿಯೇ ಬರುತ್ತಿತ್ತು. ಮಗಳ ಬಾಣಂತನಕ್ಕೆ ಇರಲಿ ಎಂದು ನಾನು ಒಂದು ಹಿತ್ತಾಳೆ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ.

ಆಮೇಲೆ ನಿಮ್ಮ ತಾತ ಜ್ವರ ಬಂದು ಹೋದರು. ಕೆಲವು ತಿಂಗಳಿಗೆ ಮಗಳು ತವರಿಗೆ ಬಂದಳು. ನಿಮ್ಮಲ್ಲಿ ಹಿರಿಯವನು ಆಗ ಅವಳ ಹೊಟ್ಟೆಯಲ್ಲಿದ್ದ. ಕೊಬ್ಬರಿ, ಬೆಲ್ಲ, ಮೆಣಸು, ಶುಂಠಿ, ತಲೆಗೆರೆಯಲು ಹರಳೆಣ್ಣೆ, ಎಲ್ಲವೂ ಬೇಕಿತ್ತು. ಡಬ್ಬಿ ತೆಗೆದುಕೊಂಡು ಹೋದೆ. ಬೋಣಿಯಾಗುವ ತನಕ ಮರದ ಕೆಳಗೆ ನಿಂತು, ಆಮೇಲೆ ಚೀಟಿಗಳನ್ನು ಮುಂದಿಟ್ಟೆ. ಅವನು ಅದನ್ನು ಬೆರಳಲ್ಲೂ ಮುಟ್ಟಲಿಲ್ಲ.

"ಇದು ಅವನಿಗೆ ಕೊಟ್ಟಿದ್ದು ಕಣಮ್ಮ. ಅವನೇ ಹೋದ್ಮೇಲೆ ಚೀಟೀನೂ ಅವನ ಜತೇಲೇ ಹೋಯ್ತು."

ಅಂಗಡಿಯಲ್ಲಿದ್ದ ಗಂಡಸರಲ್ಲಿ ಒಬ್ಬ ನಕ್ಕ. ನಾನು ಡಬ್ಬಿ ಮುಚ್ಚಿಕೊಂಡು ಬಂದೆ. ದಾರಿಯುದ್ದಕ್ಕೂ ಆ ನಗುವೇ ಕಿವಿಯಲ್ಲಿತ್ತು. ಮನೆಗೆ ಬರುವ ಹೊತ್ತಿಗೆ ಏನು ಮಾಡಬೇಕೆಂದು ತಿಳಿದಿತ್ತು. ಚೀಟಿಯ ಮೇಲೆ ಮುದ್ರೆಯಿತ್ತು, ಯಾರ ಹೆಸರೂ ಇರಲಿಲ್ಲ.

ನನ್ನ ಓರಗಿತ್ತಿಗೆ, ನಿಮ್ಮ ತಾತನ ಅಣ್ಣನ ಹೆಂಡತಿಗೆ, ಹೇಳಿದೆ. ನನಗೆ ಇಲ್ಲದ ನಾಲಿಗೆಯೆಲ್ಲ ದೇವರು ಅವರಿಗೇ ಕೊಟ್ಟಿದ್ದ. ಕೇಳಿ ಅವರು ರಾಗಿ ಬೀಸುವುದನ್ನು ನಿಲ್ಲಿಸಿದರು.

"ಬೋಣಿ ಬೋಣಿ ಅಂತ ಸಾಯ್ತಾನಲ್ಲ, ಮಾಡಾನ ಬುಡು."

ಮರುದಿನ ಸಾಹುಕಾರ ಊದುಬತ್ತಿ ಬೆಳಗುವಾಗ ಓರಗಿತ್ತಿ ಹಣೆ ತುಂಬ ಕುಂಕುಮ ಇಟ್ಟುಕೊಂಡು ಹೋಗಿ ಅರಿಶಿನದ ಕೊಂಬು ಕೇಳಿದರು. ಮುತ್ತೈದೆ, ಅರಿಶಿನ, ಅದಕ್ಕಿಂತ ಒಳ್ಳೆಯ ಬೋಣಿ ಉಂಟೇ? ನಗುನಗುತ್ತಾ ತೂಗಿದ. ಅವರು ತಕ್ಕಡಿಯ ಪಕ್ಕ ಒಂದು ಚೀಟಿ ಇಟ್ಟರು.

ಕಾಸಿಲ್ಲವೇ ಎಂದು ಕೇಳಿದ.

"ಕಾಸು ನೀವು ಕೊಟ್ರೆ ತಾನೆ ಸಾವ್ಕಾರ್ರೇ ನಮ್ತಾವ ಇರೋದು? ನಿಮ್ದೇ ಮುದ್ರೆ, ನೋಡ್ಕಳಿ. ಬೇಡ ಅಂದ್ರೆ ಬರಿಗೈಲಿ ಹೋಯ್ತೀನಿ."

ಹೋಗಗೊಡುವುದು ಹೇಗೆ? ತೆಗೆದುಕೊಂಡ. ಕಣ್ಣಿಗೊತ್ತಿಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ, ತಾನೇ ಕತ್ತರಿಸಿದ ರಟ್ಟಿತ್ತು. ನಾನು ಬೇವಿನ ಮರದ ಕೆಳಗೆ ನನ್ನ ಜಾಗದಲ್ಲೇ ನಿಂತು ಅವನ ಮುಖವನ್ನು ಕಣ್ತುಂಬ ನೋಡಿದೆ.

ಮಾರನೆಯ ದಿನ ಪಕ್ಕದ ಮನೆಯವಳು, ಅದರಾಚೆ ಅವಳ ಸೊಸೆ. ನಮ್ಮ ಬೀದಿಯ ಹೆಂಗಸರೆಲ್ಲ ಅವನ ಚೀಟಿಯಿಂದ ಬೇಸತ್ತವರೇ. ನಾನು ಸಂಜೆ ಒಬ್ಬೊಬ್ಬರಿಗೆ ಒಂದೊಂದು ಹಂಚುತ್ತಿದ್ದೆ. ಒಂದು ದಿನ ಅವನ ಎಣ್ಣೆ ಡಬ್ಬ ಉರುಳಿತು. ಇನ್ನೊಂದು ದಿನ ಬೆಲ್ಲದ ಮೂಟೆಗೆ ಇರುವೆ ಹತ್ತಿತು. ಇರುವೆ ಮೊದಲೂ ಹತ್ತುತ್ತಿತ್ತು, ಆದರೆ ಈಗ ಅವನು ಎಲ್ಲಕ್ಕೂ ಬೋಣಿಯನ್ನೇ ಬೈಯುತ್ತಿದ್ದ. ಹೆಂಡತಿಯ ಕೈಯಲ್ಲಿ ಕಾಸು ಕೊಟ್ಟು ಬೋಣಿ ಮಾಡಿಸಿದ. ಸ್ವಂತ ಮನೆಯ ಕಾಸು ಬೋಣಿಯಾಗುವುದಿಲ್ಲವೆಂದು ಅವನಿಗೇ ಗೊತ್ತು, ಸಮಾಧಾನವಾಗಲಿಲ್ಲ. ಕತ್ತಲಿರುವಾಗಲೇ ಬಾಗಿಲು ತೆಗೆದ. ಬಾವಿ ಇದ್ದದ್ದು ಅಂಗಡಿಯ ಎದುರಿಗೇ, ನಾವು ನೀರಿಗೆ ಅದಕ್ಕೂ ಮೊದಲೇ ಏಳುವವರು.

ಕೊನೆಗೆ ಒಂದು ಬೆಳಿಗ್ಗೆ ಅವನೇ ನಮ್ಮ ಮನೆಗೆ ಬಂದ. ಓರಗಿತ್ತಿ ಹೊಸ್ತಿಲಲ್ಲಿ ನಿಂತರು.

"ನಮ್ಮನೇಲಿ ಇನ್ನೂ ಬೋಣಿ ಆಗಿಲ್ಲ. ಅತ್ಲಾಗೆ ನಿಂತ್ಕಳಿ ಸಾವ್ಕಾರ್ರೇ."

ನಿಂತ. ನಾನು ಎಮ್ಮೆ ಕರೆದು, ಹಾಲು ಕಾಯಿಸಿ, ಕೊಟ್ಟಿಗೆ ಗುಡಿಸಿದೆ. ಗುಡಿಸಿದ ಕೊಟ್ಟಿಗೆಯನ್ನು ಇನ್ನೊಮ್ಮೆ ಗುಡಿಸಿದೆ. ಬಿಸಿಲು ಅವನ ಬೋಳುತಲೆಗೆ ಬರುವವರೆಗೆ ಕಾಯಿಸಿ ಬಾಗಿಲ ಹಿಂದೆ ಬಂದು ನಿಂತೆ. ಉಳಿದ ಚೀಟಿಯೆಲ್ಲ ಒಟ್ಟಿಗೇ ಕೊಟ್ಟುಬಿಡಿ, ಸಾಮಾನು ಇವತ್ತೇ ಕಳಿಸುತ್ತೇನೆ ಎಂದ. ಸಾಮಾನು ಮೊದಲು ಬರಲಿ ಎಂದರು ಓರಗಿತ್ತಿ. ಬಂತು. ಕೊಬ್ಬರಿ ಒಡೆದು ಮೂಸಿ ನೋಡಿದೆ, ಕಮಟಾಗಿರಲಿಲ್ಲ. ಆಮೇಲೆ ಡಬ್ಬಿಯನ್ನು ಸುರಿದೆ. ಒಂದನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಅವನಿಗೆ ಕಾಣುವ ಹಾಗೆ.

"ಅದ್ನೂ ಕೊಡಮ್ಮ" ಎಂದ.

ಅವನೊಂದಿಗೆ ನಾನು ಜನ್ಮದಲ್ಲಿ ಬಾಯಿಬಿಟ್ಟು ಆಡಿದ್ದು ಇದೊಂದೇ ಮಾತು:

"ಅದು ಅವರ ಜತೇಲೇ ಹೋಯ್ತು."

ಬಾಣಂತನ ಚೆನ್ನಾಗಿ ಆಯಿತು. ಯುದ್ಧ ಮುಗಿದು ಚಿಲ್ಲರೆ ಬಂದಾಗ ಅವನು ಊರಿನ ಚೀಟಿಯನ್ನೆಲ್ಲ ವಾಪಸ್ಸು ಪಡೆದು ಒಲೆಗೆ ಹಾಕಿದನಂತೆ. ನನ್ನದೊಂದು ಉಳಿಯಿತು. ವಯಸ್ಸಾದ ಮೇಲೆ ಎಲ್ಲರನ್ನೂ ಕ್ಷಮಿಸಬೇಕು ಅನ್ನುತ್ತಾರೆ. ನನಗೆ ವಯಸ್ಸಾಗಿದೆ, ಕ್ಷಮಿಸಿಲ್ಲ. ಅವನು ಬದುಕಿರುವ ತನಕ ದಿನವೂ ಅವನು ದೀಪ ಹಚ್ಚುವ ಹೊತ್ತಿಗೇ ಸರಿಯಾಗಿ ಕೊಡ ಹಿಡಿದು ಬಾವಿಗೆ ಹೋಗುತ್ತಿದ್ದೆ. ಅಂಗಡಿಯ ಮುಂದೆ ನಿಧಾನ ಮಾಡಿ ಸೊಂಟಕ್ಕೆ ಕೈ ಹಾಕುತ್ತಿದ್ದೆ, ಬರೀ ಸೆರಗು ಸಿಕ್ಕಿಸಲು. ಅವನ ಕೈಯಲ್ಲಿದ್ದ ಬೆಂಕಿಕಡ್ಡಿ ಬೆರಳಿನವರೆಗೂ ಉರಿಯುತ್ತಿತ್ತು.