ಹದಿನೆಂಟು ಮೀಟರ್ ಜಂಬ

ದೇವರಾಯಸಮುದ್ರದ ಕಡೆ ಒಂದು ಹಳ್ಳಕ್ಕೆ ಸೇತುವೆ ಕಟ್ಟುವಾಗ ನಾನು ಸೈಟ್ ಇಂಜಿನಿಯರ್. ಮರಳಿನೊಳಗೆ ಹದಿನೆಂಟು ಮೀಟರ್ ಆಳಕ್ಕೆ ಪೈಲ್, ಅಂದರೆ ಸೇತುವೆ ಹೊರುವ ಕಾಂಕ್ರೀಟ್ ಕಂಬಗಳನ್ನು, ಇಳಿಸಿದ್ದೆ. ಆ ಆಳದ ಬಗ್ಗೆ ನನಗೆ ವಿಪರೀತ ಜಂಬ. ಮಣ್ಣು ಪರೀಕ್ಷೆಗೆ ಬೋರ್ ಹಾಕಿಸಿದ್ದು ಮಾತ್ರ ದಂಡೆಯ ಮೇಲೆ, ಗಾಡಿ ನಿಲ್ಲಿಸಲು ಅನುಕೂಲವಿದ್ದ ಕಡೆ. ಹಳ್ಳದೊಳಗೂ ಅದೇ ಮಣ್ಣು ಎಂದು ಬರೆದುಕೊಂಡೆ.

ನಮಗೆ ಟ್ರ್ಯಾಕ್ಟರ್‌ಗೆ ಟ್ಯಾಂಕರ್ ಕಟ್ಟಿ ನೀರು ತರುತ್ತಿದ್ದವನು ಪಕ್ಕದ ಊರಿನವನು, ನನ್ನ ಅಪ್ಪನ ವಯಸ್ಸು. ಪೈಲ್ ಪರೀಕ್ಷೆಯ ಹಿಂದಿನ ದಿನ ಹತ್ತಿರ ಬಂದು ದನಿ ತಗ್ಗಿಸಿದ.

"ಸಾರ್, ಇಲ್ಲಿ ಮೇಲ್ಗಡೆ ಗಟ್ಟಿ ಇಲ್ಲ. ನಾವೇ ಫಿಲ್ಟರ್ ಮಾಡಿದ್ ಜಾಗ ಇದು. ಎರಡಾಳುದ್ದ ತೋಡಿ, ಆಮೇಲೆ ಉಳಿದಿದ್ ಸಣ್ಣ ಮರಳು ತಳ್ಳಿ ಮುಚ್ಚಿದ್ವಿ. ಯಾರಿಗೂ ಹೇಳ್ಬೇಡಿ, ಟ್ರ್ಯಾಕ್ಟರ್ ಹಿಡ್ಕೊಂಡ್ ಹೋಗ್ತಾರೆ."

ಮಣ್ಣು ತೊಳೆದು ಮರಳು ಸೋಸಿ ಮಾರುವುದಕ್ಕೆ ನಮ್ಮ ಕಡೆ ಫಿಲ್ಟರ್ ಎನ್ನುತ್ತಾರೆ. ಕದ್ದು ಮಾಡುವ ಕೆಲಸ. ಅದನ್ನು ಬಾಯಿಬಿಡಬೇಕಾದರೆ ಅವನು ನನ್ನನ್ನು ನಂಬಿದ್ದ.

"ಕೆಳಗೆ ಹದಿನೆಂಟು ಮೀಟರ್ ಇದೆ. ನೀನು ಟ್ಯಾಂಕರ್ ನೋಡ್ಕೋ," ಎಂದೆ. ಕೂಲಿಯವರು ನಗಲಿ ಎಂದು, "ನಾಳೆಯಿಂದ ಡ್ರಾಯಿಂಗ್‌ಗೆ ನೀನೇ ಸೈನ್ ಹಾಕು," ಎಂದೂ ಸೇರಿಸಿದೆ. ಅವರು ನಕ್ಕರು. ಅವನೂ ನಕ್ಕ.

ಮರುದಿನ ಎರಡು ಪೈಲ್‌ಗಳ ನಡುವೆ ಜಾಕ್ ಅಡ್ಡ ಇಟ್ಟು ತಳ್ಳಿದೆವು. ಅಡ್ಡ ತಳ್ಳಿದಾಗ ಪೈಲನ್ನು ಹಿಡಿದು ನಿಲ್ಲಿಸುವುದು ಮೇಲಿನ ಕೆಲವೇ ಮೀಟರ್ ಮರಳು. ಅದು ಸಡಿಲವಿದ್ದರೆ ಪೈಲ್ ಬಾಗುತ್ತದೆ, ತಳಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಇದನ್ನೇ ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಪೈಲ್ ಎಷ್ಟು ಸರಿಯಿತೆಂದು ತೋರಿಸುವ ಗೇಜಿನಲ್ಲಿ ಐದು ಮಿಲಿಮೀಟರ್ ದಾಟಬಾರದಿದ್ದ ಮುಳ್ಳು ಅರ್ಧ ಭಾರಕ್ಕೇ ದಾಟಿಹೋಯಿತು.

"ಬೋರ್ ಎಲ್ಲಿ ಹಾಕಿಸಿದ್ರಿ?" ಎಂದು ಪರೀಕ್ಷೆ ನೋಡಲು ಬಂದಿದ್ದ ಮೇಲಿನ ಸಾಹೇಬರು ಕೇಳಿದರು.

ನಾನು ಟ್ಯಾಂಕರ್ ಕಡೆ ಬೆರಳು ತೋರಿಸಿದೆ. "ಇವನೇ ಸಾರ್ ಇಲ್ಲಿ ಕದ್ದು ಮರಳು ತೆಗೆದೋನು. ಒಂದ್ ಮಾತೂ ಹೇಳಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಹಿಂದಿನ ದಿನ ನಕ್ಕಿದ್ದ ಕೂಲಿಯವರು ನೆಲ ನೋಡುತ್ತ ನಿಂತರು. ಸಂಜೆಯೊಳಗೆ ಟ್ರ್ಯಾಕ್ಟರ್ ಠಾಣೆ ಸೇರಿತು. ಅವನ ಮನೆ ನಡೆಯುತ್ತಿದ್ದುದೇ ಅದರಿಂದ, ನನಗೆ ಗೊತ್ತಿತ್ತು. ಆದರೂ ಆಗ ನನಗಾದದ್ದು ನಾಚಿಕೆಯಲ್ಲ, ನಿರಾಳ.

ಪೈಲ್‌ಗಳ ಸುತ್ತಲಿನ ಸಡಿಲ ಮರಳನ್ನೆಲ್ಲ ತೆಗೆದು, ಪದರ ಪದರವಾಗಿ ತುಂಬಿ, ನೀರು ಬಿಟ್ಟು ದಮ್ಮಸ್ಸು ಹಾಕಿಸಬೇಕಾಯಿತು. ದಿನಗೂಲಿಗೆ ಬಂದವರಲ್ಲಿ ಅವನೂ ಇದ್ದ. ಉಳಿದವರಿಗಿಂತ ಜೋರಾಗಿ ಕುಟ್ಟುತ್ತಿದ್ದ. ಈ ಸಲ ಪಕ್ಕದ ಪೈಲ್‌ಗಳನ್ನು ತಳ್ಳಿ ನೋಡಿದೆವು. ಮುಳ್ಳು ಎರಡರ ಹತ್ತಿರ ನಿಂತಿತು. ಸಾಹೇಬರು ನನ್ನ ಬೆನ್ನು ತಟ್ಟಿದರು.

ಅವನು ಹಣೆ ಒರೆಸಿಕೊಂಡು ಕೇಳಿದ: "ಮೇಲ್ಗಡೆ ಗಟ್ಟಿ ಆಯ್ತಾ ಸಾರ್?"

"ಆಯ್ತು," ಎಂದೆ. "ನಾಳೆಯಿಂದ ನೀನು ಬರೋದ್ ಬೇಡ."