ಕರಾಚಿಗಿಂತ ದೂರದ ಮಾನ್ವಿ

ನಮ್ಮ ಭಾವನವರು, ಅಂದರೆ ಗಂಡನ ಅಣ್ಣ, ಒಮ್ಮೆ ಕರಾಚಿಯಿಂದ ಮುಂಬೈಗೆ ವಿಮಾನದಲ್ಲಿ ಬಂದಿದ್ದರು. ರಾಯಚೂರಿನ ಹತ್ತಿ ಸಾವುಕಾರರೊಬ್ಬರ ಬಳಿ ಅವರಿಗೆ ಗುಮಾಸ್ತಿಕೆ. ಸಾವುಕಾರರು ಕರಾಚಿಯಲ್ಲಿ ಜ್ವರ ಬಂದು ಮಲಗಿದ್ದರಿಂದ ಟಿಕೀಟು ಇವರ ಪಾಲಾಯಿತಂತೆ. ದೇವದುರ್ಗದ ನಮ್ಮ ಮನೆಗೆ ಬಂದಾಗಲೆಲ್ಲ ಅದೇ ಪುರಾಣ. ಐನೂರೈವತ್ತು ಮೈಲು! ಬೆಳಗಿನ ಸ್ನಾನ ಕರಾಚಿಯಲ್ಲಿ, ನಡುವೆ ಅಹಮದಾಬಾದಿನಲ್ಲಿ ಇಳಿದು ಚಹಾ, ಸಂಜೆಯ ಸಂಧ್ಯಾವಂದನೆ ಮುಂಬೈಯಲ್ಲಿ. ವಿಮಾನದ ಸದ್ದಿಗೆಂದು ಕಿವಿಗೆ ತುರುಕಿಕೊಳ್ಳಲು ಕೊಟ್ಟ ಹತ್ತಿಯನ್ನು ಬಿಸಾಡದೆ ಡಬ್ಬಿಯಲ್ಲಿಟ್ಟುಕೊಂಡು, ಮನೆಗೆ ಬಂದವರ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಗುಗ್ಗೆ ಮೆತ್ತಿ ಹಳದಿಯಾದ ಹತ್ತಿ. ಮಡಿ ಮಡಿ ಎಂದು ನಮ್ಮನ್ನೆಲ್ಲ ದೂರ ಅಟ್ಟುವ ಮನುಷ್ಯನಿಗೆ ಆ ಹೊಲಸು ಮಾತ್ರ ಮೈಲಿಗೆಯಾಗಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಮಾನ್ವಿಯಿಂದ ನನ್ನ ತಮ್ಮ ಆಳು ಕಳಿಸಿದ. ಅವ್ವನಿಗೆ ಮಾತು ನಿಂತಿದೆ, ಕಣ್ಣು ಬಾಗಿಲ ಕಡೆಯೇ ಇದೆ, ಕೂಡಲೇ ಹೊರಡು ಎಂದು. ಬಂಡಿಯಲ್ಲಿ ಮಾನ್ವಿ ಒಂದು ಹಗಲಿನ ದಾರಿ. ಎತ್ತುಗಳು ಮೇಯ್ದು ನಿಂತಿದ್ದವು. ಆದರೆ ಹಿರಿಯರನ್ನು ಕೇಳಬೇಕಲ್ಲ. ಆ ವಾರ ನಮ್ಮಲ್ಲೇ ಇದ್ದ ಭಾವನವರು ಪಡಸಾಲೆಯಲ್ಲಿ ನಶ್ಯ ಏರಿಸುತ್ತ ಬೆರಳು ಮಡಚಿ ಎಣಿಸಿದರು.

“ಇವತ್ತು ಬ್ಯಾಡ. ಗುರುವಾರ ದಕ್ಷಿಣಕ್ಕ ಶೂಲಿ. ನಾಳಿ ನಸುಕಿನ್ಯಾಗ ಹೊಂಡೋಣ.”

ಶೂಲೆ ಇದ್ದ ವಾರ ಆ ದಿಕ್ಕಿಗೆ ಪಯಣ ನಿಷಿದ್ಧ. ಮಾನ್ವಿ ನಮಗೆ ದಕ್ಷಿಣಕ್ಕೆ. ನನ್ನ ಗಂಡ ಅಣ್ಣನೆದುರು ತುಟಿ ಬಿಚ್ಚುವವರಲ್ಲ. ನಾನೇ ಬಾಗಿಲ ಮರೆಯಿಂದ ಅಂದೆ:

“ಮೊಸರು ಬಾಯಾಗ ಹಾಕ್ಕೊಂಡು ಹೊಂಟ್ರ ದೋಷ ಇಲ್ಲಂತಾರಲ್ರೀ.”

“ಸಾವಿನ ಮನಿಗೆ ಹೋಗಾಗ ಅದೆಲ್ಲ ನಡಿಯಂಗಿಲ್ಲವ್ವಾ.”

ಅವ್ವ ಇನ್ನೂ ಉಸಿರಾಡುತ್ತಿದ್ದಳು. ಇವರು ಆಗಲೇ ಸಾವಿನ ಮನೆ ಮಾಡಿಬಿಟ್ಟರು. ನನಗೆ ಮೈ ಉರಿಯಿತು.

“ಕರಾಚಿಯಿಂದ ಹೊಂಟ ದಿನ ಶೂಲಿ ನೋಡಿದ್ರೇನ್ರಿ?”

ಅವರು ಸಿಟ್ಟಾಗಲೂ ಇಲ್ಲ. ಸೋರುವ ಮೂಗನ್ನು ಧೋತರದ ಚುಂಗಿಗೆ ಒರೆಸಿಕೊಂಡು ನಕ್ಕರು. “ಹುಚ್ಚಿ, ಶೂಲಿ ಇರೋದು ನೆಲದ ಮ್ಯಾಲ. ಆಕಾಶದಾಗ ಎಲ್ಲೀದು?”

ನನ್ನ ಗಂಡ ಹೌದಲ್ಲ ಎಂಬಂತೆ ತಲೆಯಾಡಿಸಿದರು. ಆಗ ಇಬ್ಬರ ಮೇಲೂ ಹುಟ್ಟಿದ ಹೇಸಿಗೆ ಮತ್ತೆ ಹೋಗಲೇ ಇಲ್ಲ.

ಶುಕ್ರವಾರ ನಸುಕಿನಲ್ಲಿ ಹೊರಟೆವು. ಸಿರವಾರದ ಹತ್ತಿರ ನೆರಳಿಗೆ ಎತ್ತು ಬಿಚ್ಚಿದಾಗಲೂ ಭಾವನವರು ಬಂಡಿ ಹೊಡೆಯುವವನಿಗೆ ಕಾಲ ಕೆಳಗೆ ಮೋಡ ಹೋಗುವ ಬಗೆ ಹೇಳುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮಾನ್ವಿ ಮುಟ್ಟಿದರೆ ನನ್ನ ತಮ್ಮ ಒದ್ದೆ ಪಂಚೆಯಲ್ಲಿ ಕೂತಿದ್ದ.

“ಮುಂಜಾನಿ ಹೋದ್ಲಕ್ಕಾ. ಹೊತ್ತು ಇಳಿಯೋತನಕ ನಿನ್ನ ಹಾದಿ ನೋಡಿದ್ವಿ.”

ದಹನ ಮುಗಿಸಿ ಬಂದಿದ್ದರು. ಅವ್ವನ ಮುಖ ನನಗೆ ಸಿಗಲಿಲ್ಲ.

ಭಾವನವರು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತರು. ನೆರೆದವರಲ್ಲಿ ಯಾರೋ ದಾರಿ ಹೇಗಾಯಿತೆಂದು ಕೇಳಿದ್ದೇ ಸಾಕಾಯಿತು.

“ಏನ್ ಮಾಡೋದ್ರಿ, ದೇವದುರ್ಗದಿಂದ ಇಲ್ಲಿಗೆ ಒಂದು ವಿಮಾನ ಇದ್ದಿದ್ರ ಕಾಲು ತಾಸಿನಾಗ ಬರ್ತಿದ್ವಿ. ತಾಯಿ ಮುಖಾನರ ನೋಡ್ತಿದ್ಲು, ಪಾಪ.”

ಕೂತವರೆಲ್ಲ ಹೌದು ಹೌದೆಂದು ಲೊಚಗುಟ್ಟಿದರು. ಒಳಗೆ ಅವ್ವನನ್ನು ಮಲಗಿಸಿದ್ದ ಜಾಗ ಸಾರಿಸಿ ದೀಪ ಇಟ್ಟಿದ್ದರು. ಹೋಗಿ ಅಲ್ಲಿ ಕೈ ಊರಿದೆ. ನೆಲ ಇನ್ನೂ ಹಸಿಯಾಗಿತ್ತು.